ಗಣಕಯಂತ್ರದಲ್ಲಿ ಪರಕಾಯಪ್ರವೇಶ

ಮಾಧವೀಯ ಶಂಕರವಿಜಯದಲ್ಲಿ ಬರುವ ಅಮರುಕ ರಾಜನ ಕಥೆ ಹಳೆಯ ತಲೆಮಾರಿನ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಮಂಡನಮಿಶ್ರನ ಮಡದಿಯೊಡನೆ ನಡೆದ ವಾದದಲ್ಲಿ ಗೃಹಸ್ಥಜೀವನಕ್ಕೆ ಸೇರಿದ ಪ್ರಶ್ನೆಗಳು ಎದುರಾದಾಗ, ಸಂನ್ಯಾಸಿಯಾದ ಶಂಕರರು ಕಾಲಾವಕಾಶವನ್ನು ಬೇಡಿ, ಆಗತಾನೆ ಮೃತನಾದ ಆ ಅರಸನ ಶರೀರವನ್ನು ಯೋಗಬಲದಿಂದ ಹೊಕ್ಕರೆಂದೂ, ತಮ್ಮ ಶರೀರವನ್ನು ಗುಹೆಯೊಂದರಲ್ಲಿ ಶಿಷ್ಯರ ಕಾವಲಿನಲ್ಲಿ ಇರಿಸಿದ್ದರೆಂದೂ ಕಥೆ ಹೇಳುತ್ತದೆ. ಇದು ನಡೆಯಿತೋ ಇಲ್ಲವೋ ಎಂಬುದು ಬೇರೆಯ ಚರ್ಚೆ. ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಬಿಟ್ಟುಬಂದ ದೇಹವನ್ನು ಶಿಷ್ಯರು ಜೋಪಾನವಾಗಿ ಕಾಯಬೇಕಾಯಿತು. ಅದು ಬೆಂಕಿಗೆ ಬಿದ್ದರೆ ಹಿಂದಿರುಗುವ ದಾರಿಯೇ ಇಲ್ಲ. ಮತ್ತೆ, ಅರಸನ ಮೈಯನ್ನು ಹೊಕ್ಕವರನ್ನು ಅರಸನ ಭೋಗವೇ ಹಿಡಿದುಕೊಂಡಿತು. ತಾವು ಯಾರೆಂಬುದೇ ಮರೆತುಹೋಯಿತು. ಶಿಷ್ಯರು ಗಾಯಕರ ವೇಷದಲ್ಲಿ ಆಸ್ಥಾನಕ್ಕೆ ಬಂದು, ಹಾಡಿ, ನೆನಪು ತರಿಸಬೇಕಾಯಿತು. ಹೊಕ್ಕ ಮೈ ಹೊಕ್ಕವನನ್ನು ತನ್ನಂತೆ ಮಾಡಿಕೊಳ್ಳುತ್ತದೆಂಬ ಎಚ್ಚರ ಆ ಕಥೆಯನ್ನು ಕಟ್ಟಿದವರಿಗಿತ್ತು.

ಆ ಪುರಾತನ ಆಸೆ ಇಂದು ವಿಜ್ಞಾನದ ಉಡುಪು ತೊಟ್ಟು ಮರಳಿ ಬಂದಿದೆ. ಮನುಷ್ಯನ ಮಿದುಳಿನಲ್ಲಿರುವುದೆಲ್ಲವನ್ನೂ ಒಂದೂ ಬಿಡದೆ ಓದಿ ಗಣಕಯಂತ್ರದಲ್ಲಿ ಬರೆದಿಟ್ಟರೆ, ದೇಹ ಬಿದ್ದುಹೋದ ಮೇಲೂ ಆ ಮನುಷ್ಯನು ಯಂತ್ರದಲ್ಲಿ ಎಚ್ಚೆತ್ತು ‘ಇದ್ದೇನೆ’ ಎನ್ನಬಲ್ಲನೆ? ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹಾನ್ಸ್ ಮೊರಾವೆಕ್ 1988ರಲ್ಲಿ ಪ್ರಕಟಿಸಿದ ‘ಮೈಂಡ್ ಚಿಲ್ಡ್ರನ್’ ಎಂಬ ಗ್ರಂಥದಲ್ಲಿ ಇದು ಸಾಧ್ಯವೆಂದೇ ವಾದಿಸಿದರು. ಅಂದಿನಿಂದ ಈ ಮಾತು ಪಂಡಿತರ ಸಭೆಯನ್ನು ದಾಟಿ ಶಾಲೆಯ ಮಕ್ಕಳ ಬಾಯಿಗೂ ಬಂದಿದೆ. ಮಕ್ಕಳು ಕೇಳಿದಾಗ ಅಧ್ಯಾಪಕರು ನಕ್ಕು ಸುಮ್ಮನಾಗುವುದು ತರವಲ್ಲ.

ಪ್ರಶ್ನೆಗೆ ಉತ್ತರ ಹೇಳುವ ಮೊದಲು ಪದಗಳ ಅರ್ಥವನ್ನು ನಿಷ್ಕರ್ಷಿಸಿಕೊಳ್ಳುವುದು ಶಾಸ್ತ್ರದ ಕ್ರಮ. ಮನಸ್ಸು ಬೇರೆ, ಚೈತನ್ಯ ಬೇರೆ ಎಂಬುದು ಭಾರತೀಯ ದರ್ಶನಗಳಲ್ಲಿ ಹಲವಕ್ಕೆ ಒಪ್ಪಿಗೆಯಾದ ಮಾತು. ಸಾಂಖ್ಯರಂತೂ ಬುದ್ಧಿ, ಅಹಂಕಾರ, ಮನಸ್ಸುಗಳನ್ನು ಪ್ರಕೃತಿಯ ಪರಿಣಾಮಗಳೆಂದು, ಎಂದರೆ ಜಡವೆಂದು ಹೇಳಿ, ಅರಿಯುವ ಪುರುಷನನ್ನು ಅವುಗಳಿಂದ ಬೇರ್ಪಡಿಸಿದರು. ಯಂತ್ರವು ಲೆಕ್ಕ ಮಾಡಿತು, ನೆನಪಿಟ್ಟುಕೊಂಡಿತು, ತರ್ಕ ಹೂಡಿತು ಎಂದರೆ ಸಾಂಖ್ಯನು ಬೆಚ್ಚಿಬೀಳುವ ಕಾರಣವಿಲ್ಲ. ಜಡವು ಜಡದ ಕೆಲಸವನ್ನು ಮಾಡಿತೆಂದು ಹೇಳಿಯಾನು. ಇದಕ್ಕೆ ವಿರುದ್ಧವಾಗಿ ನಿಲ್ಲುವವನು ಚಾರ್ವಾಕ. ಹುಳಿಯಿಟ್ಟ ಧಾನ್ಯದಿಂದ ಮದಶಕ್ತಿ ಹುಟ್ಟುವಂತೆ ಭೂತಗಳ ಸೇರುವೆಯಿಂದ ಚೈತನ್ಯ ಹುಟ್ಟುತ್ತದೆಂಬುದು ಅವನ ಮತ. ಈ ಮತವೇ ಇಂದಿನ ವಿಜ್ಞಾನಿಗಳದೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಅಲ್ಲೊಂದು ಸೂಕ್ಷ್ಮವಿದೆ. ಚಾರ್ವಾಕನಿಗೆ ದೇಹವೇ ಆತ್ಮ. ದೇಹ ಬೂದಿಯಾದರೆ ಮುಗಿಯಿತು, ಬೇರೊಂದೆಡೆಗೆ ಹೋಗತಕ್ಕದ್ದು ಏನೂ ಉಳಿಯುವುದಿಲ್ಲ. ಹೀಗಾಗಿ ಚೈತನ್ಯದ ವರ್ಗಾವಣೆಯನ್ನು ನಂಬುವವನು ಪೂರ್ತಿ ಚಾರ್ವಾಕನೂ ಅಲ್ಲ, ಆತ್ಮವಾದಿಯೂ ಅಲ್ಲ. ಮನುಷ್ಯನೆಂದರೆ ಒಂದು ವಿನ್ಯಾಸ, ರಂಗೋಲಿಯನ್ನು ಹಿಟ್ಟಿನಲ್ಲಿಯೂ ಹಾಕಬಹುದು, ಸುಣ್ಣದಲ್ಲಿಯೂ ಹಾಕಬಹುದು ಎಂಬ ಮೂರನೆಯ ಪಕ್ಷ ಅವನದು. ಈ ಪಕ್ಷವನ್ನು ಪರೀಕ್ಷಿಸಬೇಕು.

ಕನ್ನಡ ನುಡಿಯ ಸ್ವಭಾವ ಮಾತ್ರ ಈ ಪಕ್ಷಕ್ಕೆ ಅನುಕೂಲವಾಗಿಲ್ಲ. ಪರವಶನಾದವನು ಮೈಮರೆಯುತ್ತಾನೆ, ಮೂರ್ಛೆಯಿಂದ ಎದ್ದವನು ಮೈತಿಳಿದು ಏಳುತ್ತಾನೆ, ಬಹಳ ಎಚ್ಚರವಾಗಿರುವವನ ಮೈಯೆಲ್ಲ ಕಣ್ಣು. ಅರಿವಿಗೆ ಸಂಬಂಧಿಸಿದ ಇಷ್ಟೊಂದು ಮಾತುಗಳನ್ನು ಕನ್ನಡಿಗನು ಮೈಯ ಮೇಲೆಯೇ ಕಟ್ಟಿದ್ದಾನೆ. ಭಾಷೆ ಪ್ರಮಾಣವಲ್ಲ, ನಿಜ. ಆದರೂ ಎಷ್ಟೋ ತಲೆಮಾರುಗಳ ಅನುಭವ ಅದರಲ್ಲಿ ಹೆಪ್ಪುಗಟ್ಟಿರುತ್ತದೆ.

ಇನ್ನು ವಿಜ್ಞಾನವು ಎಲ್ಲಿಯವರೆಗೆ ಬಂದಿದೆಯೆಂಬುದನ್ನು ನೋಡಬಹುದು. ಮಣ್ಣಿನಲ್ಲಿ ಬಾಳುವ, ಒಂದು ಮಿಲಿಮೀಟರ್ ಉದ್ದದ ಒಂದು ಹುಳುವಿದೆ. ಶಾಸ್ತ್ರಜ್ಞರು ಅದನ್ನು ಸೀನೊರ್ಹ್ಯಾಬ್ಡೈಟಿಸ್ ಎಲೆಗನ್ಸ್ ಎಂದು ಕರೆಯುತ್ತಾರೆ. ಅದರ ಶರೀರದಲ್ಲಿರುವ ನರಕೋಶಗಳು 302 ಮಾತ್ರ. ಕೇಂಬ್ರಿಜ್‌ನಲ್ಲಿ ಸಿಡ್ನಿ ಬ್ರೆನ್ನರ್, ಜಾನ್ ವೈಟ್ ಮೊದಲಾದವರು ಆ ಹುಳುವನ್ನು ಅತಿ ತೆಳುವಾದ ಪದರಗಳಾಗಿ ಸೀಳಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಒಂದೊಂದನ್ನೂ ಚಿತ್ರಿಸಿ, ಯಾವ ನರಕೋಶ ಯಾವುದರೊಡನೆ ಕೂಡಿಕೊಂಡಿದೆಯೆಂಬ ಪೂರ್ಣ ನಕ್ಷೆಯನ್ನು 1986ರಲ್ಲಿ ಪ್ರಕಟಿಸಿದರು. ಹಗಲಿರುಳು ನಡೆದ ತಪಸ್ಸೆಂದೇ ಅದನ್ನು ಕರೆಯಬೇಕು. ನಕ್ಷೆ ಕೈಗೆ ಬಂದಮೇಲೆ ಹುಳುವೂ ಕೈಗೆ ಬಂದಂತೆ ಎಂದು ಎಣಿಸುವುದು ಸಹಜ. ಹಾಗಾಗಲಿಲ್ಲ. ಗಣಕಯಂತ್ರದಲ್ಲಿ ಆ ಹುಳುವನ್ನು ಮರಳಿ ಬದುಕಿಸುವ ಉದ್ದೇಶದಿಂದ 2011ರಲ್ಲಿ ಹಲವು ದೇಶಗಳವರು ಕೂಡಿ ‘ಓಪನ್ ವರ್ಮ್’ ಎಂಬ ಯೋಜನೆಯನ್ನು ಕೈಗೊಂಡರು. ತೆವಳುವ ಚಲನೆಯನ್ನು ಅಷ್ಟಿಷ್ಟು ಅನುಕರಿಸಲು ಸಾಧ್ಯವಾಯಿತೇ ಹೊರತು ಹುಳುವಿನ ಇಡೀ ನಡವಳಿಕೆ ಯಂತ್ರದಲ್ಲಿ ಮೂಡಲಿಲ್ಲ. ಕಾರಣವೇನೆಂದರೆ, ನಕ್ಷೆಯು ತಂತಿಗಳನ್ನು ತೋರಿಸುತ್ತದೆ. ಯಾವ ಕೂಡುವಿಕೆ ಎಷ್ಟು ಬಲವಾದದ್ದು, ಯಾವುದು ಪ್ರಚೋದಿಸುತ್ತದೆ, ಯಾವುದು ತಡೆಯುತ್ತದೆ, ತಂತಿಗಳ ಹಂಗಿಲ್ಲದೆ ಶರೀರದ ದ್ರವಗಳಲ್ಲಿ ಹರಿದಾಡುವ ರಾಸಾಯನಿಕಗಳು ಯಾವ ಗಳಿಗೆಯಲ್ಲಿ ಏನು ಮಾಡುತ್ತವೆ ಎಂಬುದನ್ನು ತೋರಿಸುವುದಿಲ್ಲ. ಊರಿನ ಬೀದಿಗಳ ನಕ್ಷೆಯನ್ನು ನೋಡಿ ಊರಿನ ಜಾತ್ರೆಯನ್ನು ಊಹಿಸಲಾಗದು.

ಹುಳುವಿನಿಂದ ಮುಂದಕ್ಕೆ ಹೆಜ್ಜೆಗಳು ಬಿದ್ದಿವೆ. 2024ರಲ್ಲಿ ಹಣ್ಣಿನ ನೊಣದ ಮಿದುಳಿನ ನಕ್ಷೆ ಪೂರ್ಣಗೊಂಡಿತು. ಅದರಲ್ಲಿ 1,39,255 ನರಕೋಶಗಳು, ಐದು ಕೋಟಿಗೂ ಮಿಕ್ಕ ನರಸಂಧಿಗಳು. 2025ರಲ್ಲಿ ಇಲಿಯ ಮಿದುಳಿನ ಒಂದು ಘನ ಮಿಲಿಮೀಟರ್ ಭಾಗದ, ಎಂದರೆ ಸಣ್ಣ ಮರಳಿನ ಹರಳಿನಷ್ಟು ಅಂಗಾಂಶದ ನಕ್ಷೆ ಪ್ರಕಟವಾಯಿತು. ಅಷ್ಟರಲ್ಲಿಯೇ ಎರಡು ಲಕ್ಷ ಕೋಶಗಳೂ 52 ಕೋಟಿ ನರಸಂಧಿಗಳೂ ಇದ್ದುವು. ಮನುಷ್ಯನ ಮಿದುಳಿನಲ್ಲಿರುವ ನರಕೋಶಗಳು ಸುಮಾರು 8,600 ಕೋಟಿ. ಗಾತ್ರದಲ್ಲಿ ಅದು ಅಂತಹ ಹರಳುಗಳ ಹತ್ತು ಲಕ್ಷಕ್ಕೂ ಮಿಕ್ಕ ರಾಶಿ. ಯುರೋಪಿನ ದೇಶಗಳು ಕೂಡಿ 2013ರಲ್ಲಿ ‘ಹ್ಯೂಮನ್ ಬ್ರೇನ್ ಪ್ರಾಜೆಕ್ಟ್’ ಎಂಬ ಮಹಾಯೋಜನೆಯನ್ನು ಆರಂಭಿಸಿದಾಗ, ಇಡೀ ಮಿದುಳನ್ನೇ ಯಂತ್ರದಲ್ಲಿ ಕಟ್ಟಿಬಿಡುವ ಮಾತು ಮುಂದಾಳುಗಳ ಬಾಯಲ್ಲಿತ್ತು. ಹತ್ತು ವರ್ಷ ನಡೆದು, ಸುಮಾರು 60 ಕೋಟಿ ಯೂರೋಗಳು ವೆಚ್ಚವಾಗಿ, 2023ರಲ್ಲಿ ಅದು ಮುಗಿಯಿತು. ಉಪಯುಕ್ತವಾದ ನಕ್ಷೆಗಳೂ ಉಪಕರಣಗಳೂ ದೊರೆತುವು. ಮಿದುಳು ಮಾತ್ರ ಎಚ್ಚರಗೊಳ್ಳಲಿಲ್ಲ.

ಇವೆಲ್ಲವನ್ನೂ ‘ಇನ್ನೂ ಆಗಿಲ್ಲ’ ಎಂದು ಹೇಳಿ ತಳ್ಳಿಹಾಕುವುದು ನ್ಯಾಯವಲ್ಲ. ಇಂದು ಆಗದ್ದು ನಾಳೆ ಆಗಬಹುದು. ಆದರೆ ಈ ಪ್ರಯೋಗಗಳಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಹುಳುವಾಗಲಿ, ನೊಣವಾಗಲಿ, ಇಲಿಯಾಗಲಿ, ಇಷ್ಟು ಸೂಕ್ಷ್ಮವಾದ ನಕ್ಷೆಯನ್ನು ಬರೆಯುವುದಕ್ಕೆ ಮುನ್ನ ಆ ಪ್ರಾಣಿ ಸಾಯಬೇಕು. ಅದರ ಅಂಗಾಂಶವನ್ನು ಸೀಳಬೇಕು. ಇಲಿಯ ಆ ಒಂದು ಹರಳನ್ನು 25,000ಕ್ಕೂ ಹೆಚ್ಚು ಪದರಗಳಾಗಿ ಕೊಯ್ದರು. ಅಮರುಕನ ಕಥೆಯ ಶಿಷ್ಯರು ಗುರುವಿನ ದೇಹವನ್ನು ಕಾಯುತ್ತ ಕುಳಿತರು. ಈ ವಿದ್ಯೆಯಲ್ಲಿ ದೇಹವನ್ನು ಕೊಯ್ಯುವುದೇ ಮೊದಲ ಕ್ರಿಯೆ.

ಇರಲಿ. ಕೊಯ್ಯದೆ ಓದುವ ಉಪಾಯವೊಂದು ಮುಂದೆ ದೊರೆಯಿತೆಂದೇ ಇಟ್ಟುಕೊಳ್ಳೋಣ. ಆಗ ತೊಡಕು ಕಡಿಮೆಯಾಗುವುದಿಲ್ಲ, ಇಮ್ಮಡಿಸುತ್ತದೆ. ಮನುಷ್ಯನು ಇಲ್ಲಿ ಕುಳಿತಿದ್ದಾನೆ. ಯಂತ್ರದಲ್ಲಿ ಅವನ ಪ್ರತಿಯೊಂದು ಸಿದ್ಧವಾಗಿದೆ. ಅದೂ ಅವನ ಬಾಲ್ಯವನ್ನು ನೆನೆಯುತ್ತದೆ, ಅವನ ತಾಯಿಯ ಹೆಸರನ್ನು ಹೇಳುತ್ತದೆ, ಅವನ ಸಾಲಗಾರರನ್ನೂ ಗುರುತಿಸುತ್ತದೆ. ಇಬ್ಬರಲ್ಲಿ ಅವನು ಯಾರು? ಕುರ್ಚಿಯಲ್ಲಿ ಕುಳಿತವನನ್ನು ‘ನಿನ್ನ ಪ್ರತಿ ಸಿದ್ಧವಾಯಿತು, ಇನ್ನು ನೀನು ಸಾಯಬಹುದು’ ಎಂದರೆ ಅವನು ಒಪ್ಪಿಯಾನೆ? ಒಪ್ಪಲಾರ. ಪ್ರತಿಯೊಳಗೆ ಏನೇ ಇರಲಿ, ಸಾವು ಅವನಿಗೆ ತಪ್ಪಲಿಲ್ಲ. ಡೆರೆಕ್ ಪಾರ್ಫಿಟ್ ಎಂಬ ಆಂಗ್ಲ ತತ್ತ್ವಜ್ಞ 1984ರಲ್ಲಿ ಇಂತಹದೇ ಒಂದು ಕಲ್ಪಿತ ದೃಷ್ಟಾಂತವನ್ನು ಎತ್ತಿಕೊಂಡು ಬಹಳ ಚರ್ಚಿಸಿದರು. ‘ಅದೇ ವ್ಯಕ್ತಿ’ ಎಂಬುದಕ್ಕೆ ಎಣಿಸುವಷ್ಟು ಮಹತ್ತ್ವವಿಲ್ಲವೆಂಬ ಕಡೆಗೆ ಅವರ ಒಲವು. ಇಷ್ಟು ದೂರ ಹೋಗಲು ಎಲ್ಲರಿಗೂ ಧೈರ್ಯ ಬರಲಾರದು.

ಓಲೆಗರಿಗಳ ಪರಿಚಯವಿದ್ದವರಿಗೆ ಈ ವಿಷಯ ಬೇಗ ತಿಳಿಯುತ್ತದೆ. ಒಂದು ಗ್ರಂಥಕ್ಕೆ ಎಷ್ಟು ಪ್ರತಿಗಳಾದರೂ ಗ್ರಂಥ ಒಂದೇ. ಒಂದು ಕಟ್ಟು ಗೆದ್ದಲು ಹಿಡಿದು ಹೋದರೂ ಇನ್ನೊಂದು ಕಟ್ಟಿನಲ್ಲಿ ಗ್ರಂಥ ಉಳಿದಿರುತ್ತದೆ, ಗ್ರಂಥಕ್ಕೆ ನಷ್ಟವಿಲ್ಲ. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ವಚನಗಳ ಓಲೆಗಳನ್ನು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದದ್ದರಿಂದ ಮೊದಲ್ಗೊಂಡು, 1993ರಲ್ಲಿ 15 ಸಂಪುಟಗಳಲ್ಲಿ ಸಮಗ್ರ ವಚನಗಳು ಬೆಳಕು ಕಂಡು, ಈಗ ಅವು ಗಣಕಯಂತ್ರದಲ್ಲಿಯೂ ದೊರೆಯುವವರೆಗೆ, ನಡೆದದ್ದೆಲ್ಲ ವರ್ಗಾವಣೆಯೇ. ಗರಿಯಿಂದ ಕಾಗದಕ್ಕೆ, ಕಾಗದದಿಂದ ಯಂತ್ರಕ್ಕೆ ವಚನ ಬಂದಿತು. ಒಂದಕ್ಷರವೂ ಸವೆಯದೆ ಬರಬಲ್ಲುದು. ಆದರೆ ಇದರಿಂದ ಬಸವಣ್ಣನವರು ಯಂತ್ರದೊಳಗೆ ಬಂದರೆಂದು ಯಾವ ವಿವೇಕಿಯೂ ಹೇಳುವುದಿಲ್ಲ. ಗ್ರಂಥಕ್ಕೆ ಒಳಗಿನಿಂದ ನೋಡುವವನು ಯಾರೂ ಇಲ್ಲ; ಆದ್ದರಿಂದಲೇ ಪ್ರತಿಮಾಡಿದರೆ ಅದಕ್ಕೆ ಕೇಡಿಲ್ಲ. ಮನುಷ್ಯನಿಗೆ ಒಳಗೊಬ್ಬ ನೋಡುವವನಿದ್ದಾನೆ. ತೊಡಕೆಲ್ಲ ಅಲ್ಲಿದೆ.

ಆಂಗ್ಲ ತತ್ತ್ವಜ್ಞ ಜಾನ್ ಲಾಕ್ 1694ರಲ್ಲಿ ತನ್ನ ಗ್ರಂಥದ ಎರಡನೆಯ ಆವೃತ್ತಿಗೆ ಸೇರಿಸಿದ ಪ್ರಕರಣದಲ್ಲಿ, ರಾಜಕುಮಾರನೊಬ್ಬನ ಆತ್ಮವು ತನ್ನ ನೆನಪುಗಳೊಡನೆ ಪಾದರಕ್ಷೆ ಹೊಲಿಯುವವನ ದೇಹವನ್ನು ಹೊಕ್ಕರೆ ಅವನು ರಾಜಕುಮಾರನೇ ಸರಿ ಎಂದು ತೀರ್ಮಾನಿಸಿದ್ದಾನೆ. ನೆನಪಿನ ದೃಷ್ಟಿಯಿಂದ ಇದು ಒಪ್ಪತಕ್ಕದ್ದಾಗಿ ಕಾಣುತ್ತದೆ. ಆದರೆ ಕಾಯಕವನ್ನು ಬಲ್ಲವರು ಇಲ್ಲಿ ಒಂದು ಪ್ರಶ್ನೆಯನ್ನು ಹಾಕದೆ ಬಿಡಲಾರರು. ಉಳಿಯನ್ನು ಎಷ್ಟು ಒತ್ತಬೇಕು, ದಾರವನ್ನು ಎಷ್ಟು ಬಿಗಿಯಬೇಕು ಎಂಬ ಅರಿವು ಆ ಕೈಗಳಲ್ಲಿ ಇತ್ತಲ್ಲ, ಅದು ಎಲ್ಲಿ ಹೋಯಿತು? ಹರಳಯ್ಯನ ಭಕ್ತಿ ಅವನ ನೆನಪಿನಲ್ಲಿ ಮಾತ್ರ ಇತ್ತೆ, ಕೈಯಲ್ಲಿ ಇರಲಿಲ್ಲವೆ? ಲಾಕನಿಗೆ ಈ ಪ್ರಶ್ನೆ ಹೊಳೆದಂತೆ ಕಾಣುವುದಿಲ್ಲ.

ಎದುರು ಪಕ್ಷದ ಅತ್ಯಂತ ಪ್ರಬಲವಾದ ಯುಕ್ತಿಯನ್ನು ಹೇಳದೆ ಬಿಡುವುದು ಅಪ್ರಾಮಾಣಿಕತೆಯಾದೀತು. ಅದೂ ಮೊರಾವೆಕರದೇ. ಮಿದುಳನ್ನು ಒಮ್ಮೆಗೇ ಪ್ರತಿಮಾಡಬೇಡಿ. ಒಂದು ನರಕೋಶವನ್ನು ತೆಗೆದು ಅದೇ ಕೆಲಸ ಮಾಡುವ ಒಂದು ಯಂತ್ರಕಣವನ್ನು ಇಡಿ. ಮನುಷ್ಯನಿಗೆ ತಿಳಿಯುವುದೇ ಇಲ್ಲ. ಮತ್ತೊಂದು, ಮತ್ತೊಂದು. ಕೊನೆಗೆ ಎಲ್ಲವೂ ಯಂತ್ರವಾಗಿರುತ್ತದೆ, ಮನುಷ್ಯನು ಎಚ್ಚರದಿಂದಲೇ ಇರುತ್ತಾನೆ. ಯಾವ ಗಳಿಗೆಯಲ್ಲಿ ಅವನು ಸತ್ತ? ಈ ಪ್ರಶ್ನೆಗೆ ಸುಲಭವಾದ ಉತ್ತರವಿಲ್ಲ. ಅನ್ನಪಾನಗಳಿಂದ ಶರೀರದ ದ್ರವ್ಯ ದಿನವೂ ಬದಲಾಗುತ್ತಿರುವುದೂ ನಿಜವೇ. ಆದರೆ ಶರೀರವು ತನ್ನನ್ನು ತಾನು ಹೊಸದುಮಾಡಿಕೊಳ್ಳುವಾಗ ಜೀವಂತವಾದುದು ಜೀವಂತವಾದುದನ್ನು ಪಡೆಯುತ್ತದೆ, ಇಲ್ಲಿ ಹಾಗಲ್ಲ. ‘ಅದೇ ಕೆಲಸ ಮಾಡುವ ಕಣ’ ಎಂಬ ಮಾತಿನಲ್ಲಿಯೇ ಸಾಧಿಸಬೇಕಾದುದನ್ನು ಸಿದ್ಧವೆಂದು ಹಿಡಿಯಲಾಗಿದೆ. ಕೋಶದ ಕೆಲಸ ಸಂಕೇತವನ್ನು ಮುಂದಕ್ಕೆ ದಾಟಿಸುವುದಷ್ಟೆಯೋ, ಅರಿವಿಗೆ ಅದರ ಜೀವವೂ ಬೇಕೋ ಎಂಬುದೇ ವಿವಾದ. ತರ್ಕಶಾಸ್ತ್ರದಲ್ಲಿ ಇಂತಹ ಹೇತುವಿಗೆ ಸಾಧ್ಯಸಮವೆಂದು ಹೆಸರು. ಯುಕ್ತಿ ಸುಳ್ಳೆಂದು ಇದರಿಂದ ಸಿದ್ಧವಾಗದು. ಅಸಿದ್ಧವೆಂದು ಮಾತ್ರ ಸಿದ್ಧವಾಗುತ್ತದೆ. ಅಷ್ಟನ್ನೇ ಹೇಳುವುದು ಪ್ರಾಮಾಣಿಕ.

ಯಂತ್ರವು ಮನುಷ್ಯನಂತೆ ಮಾತನಾಡಿದರೆ ಅದಕ್ಕೆ ಅರಿವಿದೆಯೆಂದು ಏಕೆ ಹೇಳಬಾರದು ಎಂಬ ಮಾತೂ ಉಂಟು. ಆಲನ್ ಟ್ಯೂರಿಂಗ್ 1950ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ, ಯಂತ್ರವು ಯೋಚಿಸಬಲ್ಲುದೆ ಎಂಬ ಪ್ರಶ್ನೆಯ ಬದಲಿಗೆ, ಮರೆಯಲ್ಲಿ ನಿಂತ ಯಂತ್ರವನ್ನು ಅದರ ಉತ್ತರಗಳಿಂದ ಮನುಷ್ಯನಿಂದ ಬೇರ್ಪಡಿಸಿ ಗುರುತಿಸಬಹುದೆ ಎಂಬ ಪರೀಕ್ಷೆಯನ್ನು ಇರಿಸಿದನು. ಇಂದಿನ ಯಂತ್ರಗಳು ಕನ್ನಡದಲ್ಲಿಯೂ ತಡವರಿಸದೆ ಮಾತನಾಡುತ್ತವೆ. ಆ ಪರೀಕ್ಷೆ ಈಗ ಮೊದಲಿನಷ್ಟು ಕಠಿಣವಾಗಿ ಉಳಿದಿಲ್ಲ. ಜಾನ್ ಸರ್ಲ್ ಎಂಬ ಅಮೆರಿಕದ ತತ್ತ್ವಜ್ಞ 1980ರಲ್ಲಿಯೇ ಇದಕ್ಕೆ ಆಕ್ಷೇಪವೆತ್ತಿದ್ದರು: ಚೀನೀ ಭಾಷೆಯ ಗಂಧವಿಲ್ಲದವನೊಬ್ಬನು ಕೋಣೆಯಲ್ಲಿ ಕುಳಿತು, ಯಾವ ಅಕ್ಷರಕ್ಕೆ ಯಾವ ಅಕ್ಷರವನ್ನು ಮರಳಿ ಕೊಡಬೇಕೆಂಬ ನಿಯಮದ ಪುಸ್ತಕವನ್ನು ನೋಡಿ ಉತ್ತರಗಳನ್ನು ಕಳುಹಿಸಿದರೆ, ಹೊರಗಿನವರಿಗೆ ಅವನು ಚೀನೀ ಪಂಡಿತ, ಅವನಿಗೆ ಮಾತ್ರ ಒಂದು ಪದವೂ ತಿಳಿಯದು. ಅರ್ಥಜ್ಞಾನವಿಲ್ಲದೆ ವೇದವನ್ನು ಕಂಠಪಾಠ ಮಾಡಿದವರನ್ನು ಕಂಡವರಿಗೆ ಈ ದೃಷ್ಟಾಂತ ಹೊಸದೆನಿಸದು.

ಶರಣರ ಪರಿಭಾಷೆಯಲ್ಲಿ ಈ ಭೇದಕ್ಕೆ ಎರಡು ಸರಳವಾದ ಪದಗಳಿವೆ: ಅರಿವು, ಕುರುಹು. ಕೈಯಲ್ಲಿ ಹಿಡಿದ ಇಷ್ಟಲಿಂಗ ಕುರುಹು. ಅದರಿಂದ ತಲುಪಬೇಕಾದುದು ಅರಿವು. ಕುರುಹನ್ನು ಗುರು ಶಿಷ್ಯನ ಕರಸ್ಥಲಕ್ಕೆ ಕೊಡಬಲ್ಲ. ಅರಿವನ್ನು ಎಚ್ಚರಿಸಬಲ್ಲನೇ ಹೊರತು ಎತ್ತಿ ಕೊಡಲಾರ. ನೆನಪು, ನುಡಿ, ನಡೆಯ ರೀತಿ, ದನಿಯ ಏರಿಳಿತ, ಇವೆಲ್ಲ ಕುರುಹುಗಳು. ಇವುಗಳನ್ನು ಯಂತ್ರವು ಹಿಡಿದಿಡಬಲ್ಲುದು. ಇನ್ನೂ ಚೆನ್ನಾಗಿ ಹಿಡಿದಿಡುವ ಕಾಲವೂ ಬಂದೀತು. ಕುರುಹುಗಳೆಲ್ಲ ಸೇರಿದರೆ ಅರಿವಾಗುತ್ತದೆಂಬುದಕ್ಕೆ ಇದುವರೆಗೆ ಯಾವ ಪ್ರಮಾಣವೂ ದೊರೆತಿಲ್ಲ.

ಸಾಯದಿರುವ ಹಟ ಹೊಸದಲ್ಲವೆಂಬುದಕ್ಕೆ ಚಾಮರಸನ ಪ್ರಭುಲಿಂಗಲೀಲೆಯ ಗೋರಕ್ಷನೇ ಸಾಕ್ಷಿ. ಕಾಯಸಿದ್ಧಿಯನ್ನು ಪಡೆದು ತನ್ನ ದೇಹವನ್ನು ವಜ್ರದಂತೆ ಮಾಡಿಕೊಂಡವನು ಅವನು. ಕತ್ತಿಯನ್ನು ಕೊಟ್ಟು ಹೊಡೆದು ನೋಡೆಂದನು. ಪ್ರಭುದೇವರು ಹೊಡೆದರು, ಕತ್ತಿ ಖಣಿಲೆಂದಿತು, ಕೂದಲೂ ಕೊಂಕಲಿಲ್ಲ. ಆಮೇಲೆ ಅದೇ ಕತ್ತಿಯನ್ನು ಗೋರಕ್ಷನ ಕೈಗೆ ಕೊಟ್ಟು ತಮ್ಮನ್ನು ಹೊಡೆಯೆಂದರು. ಅವನು ಬೀಸಿದ ಕತ್ತಿ ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ತಡೆಯಲು ಅಲ್ಲಿ ಏನೂ ಇರಲಿಲ್ಲ. ಒಬ್ಬನು ದೇಹವನ್ನು ಉಳಿಸಿಕೊಂಡು ಸಾವನ್ನು ಗೆಲ್ಲಹೊರಟನು, ಇನ್ನೊಬ್ಬರಿಗೆ ಉಳಿಸಿಕೊಳ್ಳಬೇಕೆಂಬ ‘ನಾನು’ ಎಂಬುದೇ ಇರಲಿಲ್ಲ. ವಜ್ರದ ದೇಹದ ಬದಲು ಸಿಲಿಕಾನಿನ ದೇಹವನ್ನು ಬಯಸುವವನು ಗೋರಕ್ಷನ ಸಾಲಿನಲ್ಲಿಯೇ ನಿಲ್ಲುತ್ತಾನೆ.

ಹಾಗೆಂದು ಈ ಬಯಕೆಯನ್ನು ಹಾಸ್ಯಮಾಡುವುದು ಸಲ್ಲದು. 2020ರಲ್ಲಿ ದಕ್ಷಿಣ ಕೊರಿಯಾದ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ, ಏಳು ವರ್ಷದ ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳ ಕಣ್ಣಿಗೆ ಯಂತ್ರವನ್ನು ಕಟ್ಟಿ, ಮಗಳ ರೂಪವನ್ನೂ ದನಿಯನ್ನೂ ಅವಳ ಮುಂದೆ ನಿಲ್ಲಿಸಿದರು. ತಾಯಿ ಕೈಚಾಚಿ ಆ ರೂಪವನ್ನು ಸವರಿ ಅತ್ತಳು. ಅವಳ ದುಃಖವನ್ನು ತಪ್ಪೆನ್ನುವವರು ಯಾರು? ಆದರೆ ಅಲ್ಲಿ ಮಗಳಿಗೆ ದೊರೆತದ್ದು ಏನೂ ಇಲ್ಲ. ಪ್ರತಿಯು ಉಳಿದವರಿಗಾಗಿ, ಹೋದವರಿಗಾಗಿ ಅಲ್ಲ.

ಈ ವಿಚಾರ ಮಠಗಳಿಗೂ ಅವುಗಳ ವಿದ್ಯಾಸಂಸ್ಥೆಗಳಿಗೂ ದೂರದ್ದಲ್ಲ. ಲಿಂಗೈಕ್ಯರಾದ ಹಿರಿಯ ಗುರುಗಳ ಪ್ರವಚನಗಳ ಧ್ವನಿಮುದ್ರಿಕೆಗಳು ಅನೇಕ ಕಡೆಗಳಲ್ಲಿವೆ. ಅವನ್ನೆಲ್ಲ ಯಂತ್ರಕ್ಕೆ ಉಣಿಸಿದರೆ ಆ ಗುರುಗಳ ದನಿಯಲ್ಲಿಯೇ ಹೊಸ ಪ್ರಶ್ನೆಗಳಿಗೆ ಹೊಸ ಉತ್ತರಗಳನ್ನು ಹೊರಡಿಸುವ ವಿದ್ಯೆ ಈಗ ಕೈಗೆಟುಕಿದೆ. ಗದ್ದುಗೆಯ ಮುಂದೆ ನಿಂತು ಕಣ್ಣೊರಸಿಕೊಳ್ಳುವ ಹಳೆಯ ವಿದ್ಯಾರ್ಥಿಗೆ, ಬಾಲ್ಯದಲ್ಲಿ ತನ್ನನ್ನು ಗದರಿದ ಆ ದನಿ ಮತ್ತೆ ತನ್ನ ಹೆಸರು ಹಿಡಿದು ಕರೆಯುವುದಾದರೆ, ಅದಕ್ಕಾಗಿ ಧನಸಹಾಯ ಮಾಡಲು ಅವನು ಹಿಂದೆಗೆಯಲಾರ. ಭಕ್ತಿಯಿಂದಲೇ ಈ ಕೆಲಸ ನಡೆದೀತು. ಅದರಿಂದಲೇ ಎಚ್ಚರ ಹೆಚ್ಚು ಬೇಕು. ವಚನಗಳ ಸಂಪಾದಕರು ಈ ಕಷ್ಟವನ್ನು ಉಂಡಿದ್ದಾರೆ. ಅಂಕಿತವೊಂದು ಇದ್ದರೆ ಸಾಕು, ಯಾರೋ ಬರೆದದ್ದು ಶರಣರದಾಗಿ ಓಲೆಯಲ್ಲಿ ಸೇರಿಕೊಂಡಿತು. ಸೇರಿಸಿದವರಲ್ಲಿ ಹಲವರು ಕೆಟ್ಟವರಲ್ಲ, ಭಕ್ತರೇ. ಅವರು ಕೆಲವು ಗಳಿಗೆಗಳಲ್ಲಿ ಬರೆದುದನ್ನು ಬೇರ್ಪಡಿಸಲು ವಿದ್ವಾಂಸರ ತಲೆಮಾರುಗಳೇ ಸವೆದುವು, ಇನ್ನೂ ಕೆಲಸ ಮುಗಿದಿಲ್ಲ. ಹೋದವರ ದನಿಯಲ್ಲಿ ಯಂತ್ರವು ಹೇಳುವ ಹೊಸ ಮಾತೂ ಪ್ರಕ್ಷಿಪ್ತವೇ. ಅಂಕಿತದ ಜೊತೆಗೆ ಕಂಠವನ್ನೂ ಕದ್ದ ಪ್ರಕ್ಷಿಪ್ತ.

ಆದ್ದರಿಂದ ಧ್ವನಿಮುದ್ರಿಕೆಗಳನ್ನು ಯಂತ್ರದಲ್ಲಿ ಕಾಪಾಡುವವರು ಒಂದೊಂದರ ಮೇಲೂ ಯಾರ ಪ್ರವಚನ, ಯಾವ ಊರು, ಯಾವ ದಿನ ಎಂಬುದನ್ನು ಬರೆದಿಡತಕ್ಕದ್ದು. ಮೂಲದ ಸುರುಳಿಗಳನ್ನು ಹೊಸ ಪ್ರತಿ ಬಂದಿತೆಂದು ಎಸೆಯಬಾರದು. ಯಂತ್ರವು ತಾನಾಗಿ ಕಟ್ಟಿದ ಮಾತೇನಾದರೂ ಸಂಗ್ರಹದಲ್ಲಿ ಸೇರಿದ್ದರೆ, ಸಂದೇಹಾಸ್ಪದ ವಚನಗಳನ್ನು ಸಂಪಾದಕರು ಅನುಬಂಧಕ್ಕೆ ಹಾಕುವಂತೆ, ಅದನ್ನು ಬೇರೆಯ ಕಪಾಟಿನಲ್ಲಿ, ‘ಯಂತ್ರಕೃತ’ ಎಂಬ ಚೀಟಿ ಅಂಟಿಸಿ ಇಡಬೇಕು.